ಸೋಪಿನ ನೀರಿಗೆ ಸತ್ತ ಔಷಧಿ

ಕಂಪನಿ ಬಾಟ್ಲಿಯಕ್ಕನಿಗೆ ಇನ್ನೂ ಒಂದು ಮಾತು ಬಾಕಿ ಉಳಿಸಿಕೊಂಡಿದೆ. ಸಂಬಳವಲ್ಲ. ಸಂಬಳ ಚುಕ್ತಾ ಮಾಡಿ ಆಕೆಯನ್ನು ಗೇಟಿನಾಚೆ ದಬ್ಬುವುದರಲ್ಲಿ ತೋರಿಸಿದ ಚುರುಕುತನವನ್ನು ಔಷಧಿ ಹುಡುಕುವುದರಲ್ಲಿ ತೋರಿಸಿದ್ದರೆ ಇಷ್ಟು ಹೊತ್ತಿಗೆ ಕಾಯಿಲೆಗಳೆಲ್ಲ ಗಂಟುಮೂಟೆ ಕಟ್ಟಿರುತ್ತಿದ್ದವು. ಬಾಕಿ ಇರುವುದು ಇಷ್ಟೇ: ‘ನಮ್ಮ ಔಷಧಿ ಕೆಟ್ಟದ್ದು ನಿನ್ನಿಂದಲ್ಲ, ಅದು ಮೊದಲಿಂದಲೂ ಔಷಧಿಯೇ ಆಗಿರಲಿಲ್ಲ.’ ಇಷ್ಟನ್ನು ಹೇಳಲು ಅಲ್ಲಿ ಯಾರಿಗೂ ಬಾಯಿ ಬಂದಿಲ್ಲ.

ಬಾಟ್ಲಿಯಕ್ಕ ಔಷಧಿ ಹುಡುಕುವ ಆ ಕಂಪನಿಯಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದವಳು. ಗಿಡ್ಡ ಹೆಂಗಸು, ದಪ್ಪ ಮಣಿಕಟ್ಟು, ಮೂಗಿನ ತುದಿಯಲ್ಲೇ ಸಿಟ್ಟು. ಆಕೆಯನ್ನು ಕೆಲಸಕ್ಕೆ ಇಟ್ಟವನು ಒಬ್ಬ ಗುತ್ತಿಗೆದಾರ. ಕಂಪನಿಯ ಲೆಕ್ಕದಲ್ಲಿ ಆಕೆ ಮನುಷ್ಯಳೂ ಅಲ್ಲ, ನೌಕರಳೂ ಅಲ್ಲ, ಒಂದು ‘ಸೇವೆ’. ಅವಳ ಕೋಣೆ ಉದ್ದನೆಯ ಓಣಿಯ ಕೊನೆಯಲ್ಲಿತ್ತು. ಕಿಟಕಿಯಿಲ್ಲ. ಎರಡು ಕಲ್ಲಿನ ತೊಟ್ಟಿ, ಒಂದರಲ್ಲಿ ಸೋಪಿನ ನೀರು, ಒಂದರ ಮೇಲೆ ಮಾಮೂಲಿ ನಲ್ಲಿ. ಪಕ್ಕದ ಗೋಡೆಯಲ್ಲಿ ಶುದ್ಧ ನೀರಿನ ಮಿಷನ್ನು, ಅದರ ಪಕ್ಕ ಬಾಟಲಿ ಒಣಗಿಸುವ ಬಿಸಿ ಪೆಟ್ಟಿಗೆ. ಉದ್ದ ಬ್ರಷ್ಷಿನಿಂದ ಸೋಪು ಹಾಕಿ ಉಜ್ಜಬೇಕು, ನಲ್ಲಿ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಬೇಕು, ಆಮೇಲೆ ಉಪ್ಪಿನಂಶವೂ ಇಲ್ಲದ ಆ ಶುದ್ಧ ನೀರಿನಲ್ಲಿ ಜಾಲಿಸಿ ಪೆಟ್ಟಿಗೆಗೆ ಇಡಬೇಕು. ಬೆರಳ ಚರ್ಮ ಸುಲಿದು ಸುಲಿದು ಆಕೆಗೆ ಬಿಸಿ ಲೋಟ ಹಿಡಿದರೂ ಸುಡುವುದು ಗೊತ್ತಾಗುತ್ತಿರಲಿಲ್ಲ.

“ಕಣ್ಣಿಗೆ ಕಾಣದ ಅಣು ಹುಡುಕ್ತಾರಂತೆ,” ಎಂದು ಆಕೆ ಬಾಟಲಿಗೆ ಮೆತ್ತಿದ ಟೇಪು ಕೆರೆಯುತ್ತ ಗೊಣಗುತ್ತಿದ್ದಳು, “ಕಾಲ ಹತ್ತಿರ ಇರೋ ಕಸದ ಬುಟ್ಟಿ ಮಾತ್ರ ಈ ಮಹಾನುಭಾವರಿಗೆ ಕಾಣಲ್ಲ.”

ಅಲ್ಲಿ ಇಬ್ಬರು ಡಾಕ್ಟರರಿದ್ದರು. ಇಬ್ಬರೂ ಯಾರ ನಾಡಿಯನ್ನೂ ಹಿಡಿದವರಲ್ಲ. ಓದಿ ಓದಿ ಡಾಕ್ಟರಾದವರು. ಲ್ಯಾಬಿನ ಯಜಮಾನ ದೊಡ್ಡ ಡಾಕ್ಟ್ರು. ಅವನ ಕೈಕೆಳಗೆ ಪ್ರಯೋಗ ಮಾಡುತ್ತಿದ್ದ ಹುಡುಗಿ ಚಿಕ್ಕ ಡಾಕ್ಟ್ರು. ದೊಡ್ಡ ಡಾಕ್ಟ್ರು ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತೇ ಕೂಗುತ್ತಿದ್ದ, ಒಳಗೆ ಕಾಲಿಡುತ್ತಿರಲಿಲ್ಲ. ಚಿಕ್ಕ ಡಾಕ್ಟ್ರು ಒಳಗೆ ಬರುತ್ತಿದ್ದಳು, ತೊಟ್ಟಿಯ ಅಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು. ಬಾಟ್ಲಿಯಕ್ಕ ಅವಳನ್ನು ನಂಬಿದ್ದು ಇಷ್ಟಕ್ಕೇ. ನಾವೂ ನೀವೂ ಇಷ್ಟಕ್ಕೇ ನಂಬುವುದು.

ಒಂದು ದಿನ ಆಕೆ ಕೇಳಿಯೇಬಿಟ್ಟಳು. “ಅಲ್ಲ ಮೇಡಂ, ದಿನಾ ಇಷ್ಟು ಬಾಟ್ಲಿ ಹೊಲಸು ಮಾಡ್ತೀರಲ್ಲ, ಏನು ಹುಡುಕ್ತಾ ಇದೀರ?”

“ಒಂದು ಕತ್ತರಿಯ ಬಾಯಿ ಕಟ್ಟೋಕೆ ನೋಡ್ತಾ ಇದೀವಿ ಅಕ್ಕ.”

“ಕತ್ತರಿ?”

“ಕಾಯಿಲೆ ತರೋ ಕ್ರಿಮಿ ತನ್ನ ಮೈಯಲ್ಲೇ ಕತ್ತರಿ ತಯಾರು ಮಾಡ್ಕೊಂಡಿದೆ. ನಾವು ಕೊಡೋ ಆಂಟಿಬಯೋಟಿಕ್ಕು ಹತ್ತಿರ ಬಂತೋ, ಕಚಕ್ ಅಂತ ಕತ್ತರಿಸಿ ಬಿಸಾಕುತ್ತೆ. ಅದಕ್ಕೇ ಈಗ ಔಷಧಿ ತಗೊಂಡರೂ ಜನ ಸಾಯ್ತಿರೋದು.”

“ಕಬ್ಬಿಣದ ಕತ್ತರಿಯಾ?”

“ಅಯ್ಯೋ ಅಲ್ಲ. ಪ್ರೋಟೀನು. ಹುರಿ ಸುತ್ತಿ ಸುತ್ತಿ ಉಂಡೆ ಮಾಡಿದ ಹಾಗಿರುತ್ತೆ, ಮಧ್ಯೆ ಒಂದು ಗುಳಿ. ಕತ್ತರಿಸೋದೆಲ್ಲ ಆ ಗುಳಿಯಲ್ಲೇ. ಅದರೊಳಗೆ ಸರಿಯಾಗಿ ಕೂರೋ ಇನ್ನೊಂದು ಅಣು ಸಿಕ್ಕಿದ್ರೆ, ಅದು ಹೋಗಿ ಕೂತುಬಿಟ್ರೆ, ಆಂಟಿಬಯೋಟಿಕ್ಕಿಗೆ ಒಳಗೆ ಜಾಗ ಇರಲ್ಲ. ಕತ್ತರಿ ಬಾಯಿ ಬಂದ್.”

“ಬೀಗದೊಳಗೆ ಕೀಲಿ ಮುರ್ಕೊಂಡ ಹಾಗೆ,” ಎಂದಳು ಬಾಟ್ಲಿಯಕ್ಕ. “ನಮ್ಮತ್ತೆ ಒಂದ್ಸಲ ಮುರಿದಿದ್ರು. ಆಮೇಲೆ ಯಾವ ಕೀಲಿನೂ ಒಳಗೆ ಹೋಗ್ಲಿಲ್ಲ, ಬಾಗಿಲೇ ಒಡೀಬೇಕಾಯ್ತು. ಬೈದದ್ದು ಮಾತ್ರ ನನ್ನನ್ನ.”

ಚಿಕ್ಕ ಡಾಕ್ಟ್ರು ಚಹಾ ಚೆಲ್ಲುವಷ್ಟು ನಕ್ಕಳು. ಅಂಥ ಮುರಿದ ಕೀಲಿಯನ್ನು ಅವರು ಹುಡುಕುತ್ತಿದ್ದ ರೀತಿ ಹೀಗಿತ್ತು. ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಸಾಲುಸಾಲಾಗಿ ಪುಟಾಣಿ ಬಟ್ಟಲುಗಳು. ಪ್ರತಿ ಬಟ್ಟಲಿಗೂ ಒಂದಿಷ್ಟು ಕತ್ತರಿ, ಒಂದು ಹಳದಿ ಬಣ್ಣ, ಮತ್ತು ಒಂದೊಂದಕ್ಕೂ ಬೇರೆ ಬೇರೆ ಅಣು. ಕತ್ತರಿ ಆ ಬಣ್ಣವನ್ನು ಕತ್ತರಿಸಿದರೆ ಹಳದಿ ಹೋಗಿ ಕೆಂಪಾಗುತ್ತದೆ. ಹಳದಿಯಾಗಿಯೇ ಉಳಿದರೆ ಏನೋ ಅದರ ಬಾಯಿ ಕಟ್ಟಿದೆ ಎಂದರ್ಥ. ಇವೆಲ್ಲವನ್ನೂ ಕಲಸಲು ಉಪ್ಪು ಬೆರೆಸಿ ಹದ ಮಾಡಿದ ನೀರು ಬೇಕು. ಅದಕ್ಕೆ ಅವರು ಬಫರ್ ಎನ್ನುತ್ತಿದ್ದರು. ಬಾಟ್ಲಿಯಕ್ಕ ತೊಳೆಯುತ್ತಿದ್ದದ್ದು ಆ ಬಫರಿನ ಬಾಟಲಿಗಳನ್ನು.

ಸಾವಿರಾರು ಅಣುಗಳನ್ನು ಜಾಲಾಡಿ ನೋಡಿದ ಮೇಲೆ ಒಂದು ಸಿಕ್ಕಿತು. ಅದನ್ನು ಹಾಕಿದ ಬಟ್ಟಲೆಲ್ಲ ಹಳದಿ. ದೊಡ್ಡ ಡಾಕ್ಟ್ರು ಓಣಿಯಲ್ಲಿ ಶಿಳ್ಳೆ ಹಾಕಿಕೊಂಡು ಓಡಾಡಿದ. ಅಂದಿನಿಂದ ಅದಕ್ಕೆ ಬೇರೆ ಫ್ರಿಜ್ಜು, ಬೇರೆ ಬೀಗ, ಬಂದವರಿಗೆಲ್ಲ ಅದರದೇ ದರ್ಶನ. ಈ ಉಪಚಾರ ನೋಡಿ ಬಾಟ್ಲಿಯಕ್ಕ ಅದಕ್ಕೆ ‘ಅಳಿಯ’ ಎಂದು ಹೆಸರಿಟ್ಟಳು. ಹೆಸರು ಇಡೀ ಲ್ಯಾಬಿಗೆ ಅಂಟಿಕೊಂಡಿತು. ಹೊಸದನ್ನು ಹೋಲಿಸಿ ನೋಡಲೆಂದು ಪ್ರತಿ ತಟ್ಟೆಯ ಒಂದು ಸಾಲಿಗೆ, ಕತ್ತರಿಯ ಬಾಯಿ ಕಟ್ಟುವುದೆಂದು ಎಲ್ಲರಿಗೂ ಗೊತ್ತಿರುವ ಹಳೆಯ ಔಷಧಿಯೊಂದನ್ನು ಹಾಕುತ್ತಿದ್ದರು. ಆಸ್ಪತ್ರೆಗಳಲ್ಲಿ ಅದು ಈಚೆಗೆ ಸೋಲುತ್ತಿದ್ದರೂ ಈ ತಟ್ಟೆಯ ಕತ್ತರಿಯ ಮುಂದೆ ಇನ್ನೂ ಗಟ್ಟಿ. ಸದ್ದುಗದ್ದಲವಿಲ್ಲದೆ ಕೆಲಸ ಮಾಡಿಕೊಂಡಿದ್ದ ಅದು ‘ಮಾವ’ ಆಯಿತು.

ಅಳಿಯನನ್ನು ನೋಡಲು ದುಡ್ಡು ಹಾಕುವವರು ಬರುವ ದಿನ ಬಂತು. ಅಂದು ಬೆಳಗ್ಗೆ ಶುದ್ಧ ನೀರಿನ ಮಿಷನ್ನು ಕೈಕೊಟ್ಟಿತು. ಸ್ವಲ್ಪ ಹೊತ್ತಿಗೆ ನಲ್ಲಿಯೂ ನಿಂತಿತು. ತೊಟ್ಟಿಯ ತುಂಬ ಸೋಪು ಹಚ್ಚಿದ ಬಾಟಲಿಗಳು. ಲ್ಯಾಬಿನವರ ಹತ್ತಿರ ಕ್ಯಾನುಗಳಲ್ಲಿ ಹಿಡಿದಿಟ್ಟ ಶುದ್ಧ ನೀರಿತ್ತು. ಅದು ಅವರ ಬಫರಿಗೆ ಮಾತ್ರ, ತೊಳೆಯುವ ಕೋಣೆಗಿಲ್ಲ. ಬಾಟ್ಲಿಯಕ್ಕ ಹೋಗಿ ಕೇಳಿದಳು, ಇಲ್ಲವೆನಿಸಿಕೊಂಡು ಬಂದಳು. ಬಾಗಿಲಲ್ಲಿ ದೊಡ್ಡ ಡಾಕ್ಟ್ರು, “ಬಾಟಲಿ ಎಲ್ಲಿ? ನಿನ್ನ ಮದುವೆ ದಿಬ್ಬಣ ಹೊರಡಬೇಕಾ?” ಎಂದು ಬೊಬ್ಬೆ ಹಾಕುತ್ತಿದ್ದ. ಆಕೆ ಬಾಟಲಿಗಳನ್ನು ಬೋರಲು ಹಾಕಿ ಸೋಪಿನ ನೀರು ಬಸಿದಳು, ಬಿಸಿ ಪೆಟ್ಟಿಗೆಗೆ ಇಟ್ಟಳು, ಒಣಗಿಸಿ ಕೊಟ್ಟಳು. ಜಾಲಿಸಿಲ್ಲ ಎಂದು ಹೇಳಲಿಲ್ಲ.

ಇದು ತಪ್ಪು. ಅವಳನ್ನು ದೇವತೆ ಮಾಡಿ ಕೂರಿಸಲು ಈ ಬರಹ ಬರೆಯುತ್ತಿಲ್ಲ. ಅವಳಿಗೆ ಗೊತ್ತಿತ್ತು, ಮಾಡಬಾರದೆಂದು, ಸಿಟ್ಟಿನಲ್ಲಿ ಮಾಡಿದಳು.

ಸೂಟು ಹಾಕಿದವರ ಎದುರಿಗೆ ತಟ್ಟೆ ತೆರೆದರು. ಏನನ್ನೂ ಹಾಕದ ಸಾಲು ಎಂದಿನಂತೆ ಕೆಂಪು. ಮಾವನ ಸಾಲು ಎಂದಿನಂತೆ ಹಳದಿ. ಅಳಿಯನ ಸಾಲು ಹಳದಿ ಉಳಿಯಬೇಕಿತ್ತು. ರಕ್ತ ಚೆಲ್ಲಿದ ಹಾಗೆ ಕೆಂಪಾಗಿ ನಿಂತಿತು. ಬಂದವರಲ್ಲೊಬ್ಬ ಕೆಮ್ಮಿದ. ಚಹಾ ಕೊಟ್ಟು ಕಳಿಸಿದರು.

ಆಮೇಲೆ ದೊಡ್ಡ ಡಾಕ್ಟ್ರು ಮೊದಲ ಸಲ ತೊಳೆಯುವ ಕೋಣೆಯೊಳಗೆ ಕಾಲಿಟ್ಟ.

“ಈ ಬಾಟಲಿ ತೊಳೆದವರು ಯಾರು?”

“ನಾನೇ. ಇಲ್ಲಿ ತೊಳೆಯೋಕೆ ಇನ್ಯಾರಿದಾರೆ, ನಿಮ್ಮ ಮನೆಯವರಾ?”

“ಜಾಲಿಸಿದ್ಯಾ?”

“ಇಲ್ಲ. ಮಿಷನ್ನೂ ಸತ್ತಿತ್ತು, ನಲ್ಲಿನೂ ಸತ್ತಿತ್ತು. ನಿಮ್ಮ ಕ್ಯಾನಿನ ನೀರು ಕೇಳಿದ್ರೆ ಕೊಡಲಿಲ್ಲ. ಬೇಗ ಬೇಗ ಅಂತ ಬಾಯಿ ಬಡ್ಕೊಂಡೋರು ನೀವೇ.”

ಸುಳ್ಳು ಹೇಳಿದ್ದರೆ ಬದುಕಿಕೊಳ್ಳುತ್ತಿದ್ದಳು. ಆಕೆ ಜಾಲಿಸಲಿಲ್ಲವೆಂಬುದನ್ನು ಕಂಡ ಸಾಕ್ಷಿಯಿರಲಿಲ್ಲ. ಚೆನ್ನಾಗಿ ಜಾಲಿಸಿದ ಬೇರೆ ಬಾಟಲಿಯಲ್ಲಿ ಬಫರ್ ಮಾಡಿ ಪ್ರಯೋಗ ಮತ್ತೆ ನಡೆಸಿದರು. ಅಳಿಯ ಮತ್ತೆ ಹಳದಿ! ಅಲ್ಲಿಗೆ ತೀರ್ಮಾನವಾಯಿತು: ಔಷಧಿ ಬಂಗಾರ, ಹೆಂಗಸು ಹೊಲಸು. ದುಡ್ಡು ಹಾಕುವವರಿಗೂ ಹಾಗೇ ಬರೆದು ಕಳಿಸಿದರು. ‘ನಿರ್ಲಕ್ಷ್ಯದಿಂದ ಪ್ರಯೋಗ ಹಾಳು ಮಾಡಿದ್ದಾಳೆ’ ಎಂಬ ಆಪಾದನೆಯ ಕೆಳಗೆ ದೊಡ್ಡ ಡಾಕ್ಟ್ರು ಸಹಿ ಹಾಕಿದ. ಅದರ ಕೆಳಗೆ, ಪ್ರಯೋಗ ಮಾಡಿದವಳೆಂದು, ಚಿಕ್ಕ ಡಾಕ್ಟ್ರು ಹಾಕಿದಳು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಅತ್ತೆ ಸೊಸೆಯ ಕೆಲಸ ಹೋದ ಸುದ್ದಿ ಕೇಳಿ ಕೈ ತಟ್ಟಿದಳು. ಬಾಟ್ಲಿಯಕ್ಕನ ಗಂಡ ನೀರಿನ ಟ್ಯಾಂಕರ್ ಓಡಿಸುವವನು.

“ಗಂಡ ಊರಿಗೆಲ್ಲ ನೀರು ಹೊಡೀತಾನೆ, ಹೆಂಡತಿಗೆ ಬಾಟ್ಲಿ ಜಾಲಿಸೋಕೆ ನೀರಿಲ್ಲ. ಎಂಥಾ ಜೋಡಿ ಕಣೇ ನಿಮ್ಮದು!”

“ಒಂದು ಫೋನ್ ಮಾಡಿದ್ರೆ ಗೇಟಿಗೇ ತಂದು ಸುರೀತಿದ್ದೆ,” ಎಂದ ಗಂಡ, ತಮಾಷೆಗೋ ನಿಜಕ್ಕೋ ತಿಳಿಯದ ಹಾಗೆ.

“ಇಬ್ಬರೂ ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?” ಎಂದು ಬಾಟ್ಲಿಯಕ್ಕ ಗೋಡೆಗೆ ಮುಖ ಮಾಡಿ ಕೂತಳು. ನಗು ಅಷ್ಟಕ್ಕೇ ಮುಗಿಯಿತು. ಗುತ್ತಿಗೆದಾರ ಬೇರೆ ಲ್ಯಾಬುಗಳಿಗೂ ಆಳು ಕಳಿಸುವವನು. ಆಕೆ ಹೋಗಿ ಕೇಳಿದಾಗ, “ನಿನ್ನ ಮೇಲೆ ಕಂಪ್ಲೇಂಟ್ ಇದೆಯಲ್ಲಮ್ಮ, ಯಾರು ತಗೋತಾರೆ? ಅವರ ಹತ್ರ ತೆಗೆಸ್ಕೊಂಡು ಬಾ,” ಎಂದ. ಆಕೆಗೆ ಬರುತ್ತಿದ್ದ ಕೆಲಸ ಅದೊಂದೇ, ಗಾಜು ತೊಳೆಯುವುದು. ಆ ಒಂದು ಕೆಲಸದ ಬಾಗಿಲನ್ನೇ ಜಡಿದುಬಿಟ್ಟಿದ್ದರು.

ಕೆಲವು ವಾರ ಕಳೆದ ಮೇಲೆ ಬಸ್ ಸ್ಟಾಪಿನಲ್ಲಿ ಚಿಕ್ಕ ಡಾಕ್ಟ್ರು ಎದುರಾದಳು.

“ಅಕ್ಕಾ, ಚೆನ್ನಾಗಿದೀರಾ?”

“ಹಾಗೆ ಕೇಳೋಕೆ ನಾಚಿಕೆ ಆಗಲ್ವಾ? ಸೈನ್ ಹಾಕಿದ್ದು ಇದೇ ಕೈ ತಾನೇ?”

ಹುಡುಗಿ ತಲೆ ತಗ್ಗಿಸಿದಳು. ಬಸ್ಸು ಬಂತು, ಹತ್ತಲಿಲ್ಲ. “ಅಳಿಯ ಸತ್ತದ್ದು ನಿಮ್ಮಿಂದ ಅಲ್ಲ ಅಕ್ಕ,” ಎಂದಳು ಕೊನೆಗೆ.

“ಮತ್ತೆ ಯಾರಿಂದ, ನಮ್ಮತ್ತೆಯಿಂದಲಾ?”

“ಅದು ಬದುಕೇ ಇರಲಿಲ್ಲ. ಜಿಡ್ಡು ಪಾತ್ರೆಗೆ ಬರೀ ನೀರು ಹಾಕಿದ್ರೆ ಏನಾಗುತ್ತೆ ಹೇಳಿ?”

“ಜಿಡ್ಡು ಗುಂಡುಗುಂಡಾಗಿ ತೇಲುತ್ತೆ.”

“ಅಳಿಯನೂ ಹಾಗೇ. ನೀರಲ್ಲಿ ಸರಿಯಾಗಿ ಕರಗಲ್ಲ. ಒಂದಕ್ಕೊಂದು ಅಂಟ್ಕೊಂಡು ಉಂಡೆ ಕಟ್ಟುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ಆದ್ರೆ ಕತ್ತರಿ ಪಕ್ಕ ಇಟ್ರೆ ಅದು ಬೆಟ್ಟ. ಕತ್ತರಿಗಳೆಲ್ಲ ಹೋಗಿ ಆ ಉಂಡೆಗೆ ಮೆತ್ತಿಕೊಳ್ತವೆ, ಮಿಸುಕಾಡೋಕೆ ಆಗಲ್ಲ. ಬಣ್ಣ ಹಳದಿಯೇ ಉಳಿಯುತ್ತೆ. ನಾವು ಕೀಲಿ ಸಿಕ್ತು ಅಂತ ಕುಣಿದ್ವಿ.”

“ಕೀಲಿ ಬೀಗದೊಳಗೆ ಹೋಗೇ ಇಲ್ಲ?”

“ಇಲ್ಲ. ಬೀಗಾನೇ ಡಾಂಬರ್ ಡ್ರಮ್ಮಿಗೆ ಬಿದ್ದಿತ್ತು. ನಿಮ್ಮ ಬಾಟಲಿಯಲ್ಲಿ ಉಳಿದ ಸೋಪು ಆ ಉಂಡೆಗಳನ್ನ ಒಡೀತು, ಕತ್ತರಿಗಳು ಬಿಡಿಸ್ಕೊಂಡು ಕೆಲಸ ಶುರು ಮಾಡಿದ್ವು. ಸೋಪು ಕತ್ತರಿಯನ್ನ ಕೆಡಿಸಿರಲಿಲ್ಲ. ಕೆಡಿಸಿದ್ರೆ ಏನೂ ಹಾಕದ ಸಾಲು ಕೆಂಪಾಗ್ತಾ ಇರಲಿಲ್ಲ. ಔಷಧಿಯನ್ನೂ ಕೆಡಿಸಲಿಲ್ಲ, ಮಾವ ನಿಜವಾಗಿ ಗುಳಿಯೊಳಗೆ ಕೂತಿದ್ದ, ಅವನು ಜಪ್ಪಯ್ಯ ಅನ್ನಲಿಲ್ಲ ನೋಡಿ.”

ಬಾಟ್ಲಿಯಕ್ಕ ಅಷ್ಟಕ್ಕೇ ಬಿಡಲಿಲ್ಲ. “ಉಂಡೆ ಕಟ್ಟಿ ಹಿಡಿದ್ರೂ ಹಿಡಿದದ್ದು ಹಿಡಿದದ್ದೇ ಅಲ್ವಾ? ಕತ್ತರಿ ಬಾಯಿ ಬಂದಾದ್ರೆ ಸಾಕು ತಾನೇ?”

“ಅದು ಈ ಕತ್ತರಿ ಅಂತ ಆರಿಸಿ ಹಿಡಿಯಲ್ಲ ಅಕ್ಕ, ಸಿಕ್ಕಿದ ಪ್ರೋಟೀನಿಗೆಲ್ಲ ಅಂಟುತ್ತೆ. ಮೈಯೊಳಗೆ ಹೋದ್ರೆ ರಕ್ತದಲ್ಲಿರೋ ಬೇರೆ ಪ್ರೋಟೀನುಗಳೇ ಅದನ್ನ ಮುತ್ಕೊಳ್ತವೆ. ಕ್ರಿಮಿ ಹತ್ತಿರ ಹೋಗೋ ಹೊತ್ತಿಗೆ ಕೆಲಸಕ್ಕೆ ಬರಲ್ಲ.”

“ಇದು ನಿಮಗೆ ಗೊತ್ತಾದದ್ದು ಯಾವಾಗ?”

“ನೀವು ಹೋದ ಮೇಲೆ. ಅನುಮಾನ ಬಂದು ಬೇಕಂತಲೇ ಒಂದು ಹನಿ ಸೋಪು ಬಿಟ್ಟು ನೋಡಿದೆ. ಇಂಥ ಮೋಸ ಹಿಡಿಯೋಕೆ ಎಲ್ಲಾ ಕಡೆ ಮಾಡೋ ಪರೀಕ್ಷೆನೇ ಅದು. ನಾವು ಅವಸರದಲ್ಲಿ ಮಾಡಿರಲಿಲ್ಲ. ದೊಡ್ಡವರಿಗೆ ತೋರಿಸಿದೆ. ‘ಈಗ ಬೇಡ’ ಅಂದ್ರು.”

“ನೀವು?”

“ನಾನೇನು ಮಾಡಲಿ ಅಕ್ಕ, ಸೈನ್ ಮೊದಲೇ ಹಾಕಿಯಾಗಿತ್ತು.”

“ಹಾಕಿದ ಕೈಗೆ ವಾಪಸ್ ತಗೊಳ್ಳೋಕೆ ಲಕ್ವ ಹೊಡೆದಿತ್ತಾ?” ಎಂದಳು ಬಾಟ್ಲಿಯಕ್ಕ. ಹುಡುಗಿಯ ಕಣ್ಣಲ್ಲಿ ನೀರು ಬಂತು. ಆ ಕಣ್ಣೀರಿನಿಂದ ಬಾಟ್ಲಿಯಕ್ಕನ ಒಲೆ ಉರಿಯುವಂತಿರಲಿಲ್ಲ. ಆಕೆ ಎದ್ದು ನಡೆದೇ ಮನೆಗೆ ಹೋದಳು.

ಮರುದಿನ ಬಾಟ್ಲಿಯಕ್ಕ ಮನೆಯಲ್ಲಿ ಎಲ್ಲ ವಿವರಿಸಿ ಕಂಪನಿಗೆ ಹೊರಟಾಗ ಅತ್ತೆಯೂ ಚಪ್ಪಲಿ ಮೆಟ್ಟಿದಳು. “ನೀನೊಬ್ಬಳೇ ಹೋದ್ರೆ ನಿಂತ್ಕೊಂಡು ಬೈದು ಬಂದುಬಿಡ್ತೀಯ. ನಾನು ಕೂತ್ಕೊಂಡು ಬೈತೀನಿ, ನಡಿ.”

ಬಂದವರನ್ನು ಕೂರಿಸುವ ಕೋಣೆಯಲ್ಲಿ ಗಾಜಿನ ಮೇಜು, ಅದರ ಮೇಲೆ ಬಣ್ಣದ ಗೋಲಿ ಪೋಣಿಸಿ ಮಾಡಿದ ಅಣುವಿನ ಗೊಂಬೆ, ಗೋಡೆಯ ಮೇಲೆ ‘ಜೀವಕ್ಕಾಗಿ ವಿಜ್ಞಾನ’ ಎಂಬ ದೊಡ್ಡ ಅಕ್ಷರ. ಬಹಳ ಹೊತ್ತು ಕಾಯಿಸಿ ದೊಡ್ಡ ಡಾಕ್ಟ್ರು ಬಂದ. ಮುಖದಲ್ಲಿ ಬೆಣ್ಣೆ.

“ನಿನ್ನ ಕಷ್ಟ ಗೊತ್ತಮ್ಮ. ಹಿಂದಿನ ಬ್ಲಾಕಿನಲ್ಲಿ ತೊಳೆಯೋಕೆ ಆಳು ಬೇಕು. ನಾಳೆಯಿಂದಲೇ ಬಾ. ಆದದ್ದು ಆಯ್ತು, ಮತ್ತೆ ಅದರ ಮಾತು ಬೇಡ.”

“ಆ ಕಂಪ್ಲೇಂಟು?”

“ಅದು ದಾಖಲೆ. ಅದನ್ನು ಬದಲಾಯಿಸೋಕೆ ಆಗಲ್ಲ.”

“ಹಾಗಿದ್ರೆ ನಿಮ್ಮ ಕೆಲಸ ಬೇಡ. ಜಾಲಿಸದೇ ಕೊಟ್ಟದ್ದು ನನ್ನ ತಪ್ಪು, ಅಷ್ಟು ಬರೀರಿ. ನೀರು ಕೊಡದೇ ಇದ್ದದ್ದು ನಿಮ್ಮ ತಪ್ಪು, ಅದನ್ನೂ ಬರೀರಿ. ಔಷಧಿ ಅಲ್ಲದ್ದನ್ನ ಔಷಧಿ ಅಂದು, ಅದನ್ನ ಹಾಳು ಮಾಡಿದ್ದು ನಾನು ಅಂತ ಬರೀಬೇಡಿ.”

ಬೆಣ್ಣೆ ಕರಗಿತು. “ನಿನಗೆ ಇದೆಲ್ಲ ಯಾರು ಹೇಳಿಕೊಟ್ಟದ್ದು?”

ಚಿಕ್ಕ ಡಾಕ್ಟ್ರ ಹೆಸರು ಬಾಟ್ಲಿಯಕ್ಕನ ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಆ ಹುಡುಗಿಯ ಗಂಟೂ ಅವತ್ತೇ ಗೇಟಿನ ಹೊರಗೆ. “ಸೋಪು ಹೇಳ್ತು,” ಎಂದಳು.

“ವಿಜ್ಞಾನದ ವಿಷಯ ನಿಮಗೆ ಅರ್ಥ ಆಗಲ್ಲ.”

“ಅರ್ಥ ಆಗದಿದ್ರೆ ಬೇಡಪ್ಪ, ಕಣ್ಣಿದೆಯಲ್ಲ,” ಎಂದು ಅತ್ತೆ ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತಳು. “ಇಲ್ಲೇ ನಮ್ಮೆದುರಿಗೇ ಒಂದು ಹನಿ ಸೋಪು ಬಿಟ್ಟು ತೋರಿಸು. ಹಳದಿ ಉಳಿದ್ರೆ ಇವಳ ಕೆನ್ನೆಗೆ ನಾನೇ ಬಾರಿಸ್ತೀನಿ. ಕೆಂಪಾದ್ರೆ ಯಾರ ಕೆನ್ನೆಗೆ ಅಂತ ಈಗಲೇ ಮಾತಾಡ್ಕೊಳ್ಳೋಣ.”

ದೊಡ್ಡ ಡಾಕ್ಟ್ರು ಗಡಿಯಾರ ನೋಡಿಕೊಂಡು ಎದ್ದುಹೋದ. ಅಷ್ಟು ಓದಿದವನು, ಅಷ್ಟು ಯಂತ್ರಗಳ ಯಜಮಾನ, ಒಂದು ಹನಿ ಸೋಪಿಗೆ ಹೆದರಿ ಓಡಿದ. ಕಾವಲಿನವರು ಬಂದು ಇಬ್ಬರನ್ನೂ ಹೊರಗೆ ಬಿಟ್ಟರು.

ಬೀದಿಗೆ ಬಂದ ಮೇಲೆ ಅತ್ತೆ ಸೊಸೆಯ ಮೇಲೆ ಹಾಯ್ದಳು. “ಕೊಟ್ಟ ಕೆಲಸಾನೂ ಬೇಡ ಅಂದ್ಯಲ್ಲ, ನಾಳೆ ಏನು ಗಾಳಿ ತಿಂತೀಯಾ?”

“ನಾನು ಹೇಳಿದ್ದು ಸರಿ ತಾನೇ?”

“ಸರಿ ಕಣೇ. ಸರಿ ಇದ್ದದ್ದಕ್ಕೇ ಹೊಟ್ಟೆ ಉರೀತಿರೋದು.”

ಮುಂದಿನದನ್ನು ಹೇಳಲು ಹೆಚ್ಚು ಮಾತು ಬೇಡ. ಅಳಿಯನನ್ನು ಆಂಟಿಬಯೋಟಿಕ್ಕಿನ ಜೊತೆ ಇಲಿಗಳಿಗೆ ಕೊಟ್ಟರು. ಕ್ರಿಮಿ ಹತ್ತಿದ ಇಲಿಗಳಲ್ಲಿ ಅದನ್ನು ತಿಂದವೂ ಸತ್ತವು, ತಿನ್ನದವೂ ಸತ್ತವು. ಕಂಪನಿ ‘ನಮ್ಮ ಸಂಶೋಧನೆಯ ದಿಕ್ಕು ಬದಲಾಗಿದೆ’ ಎಂದು ಪ್ರಕಟಿಸಿ ಆ ಫ್ರಿಜ್ಜಿನ ಬೀಗ ತೆಗೆಯಿತು. ದೊಡ್ಡ ಡಾಕ್ಟ್ರು ಅಷ್ಟರಲ್ಲಿ ಇನ್ನೂ ದೊಡ್ಡ ಕಂಪನಿಗೆ ಇನ್ನೂ ದೊಡ್ಡ ಡಾಕ್ಟ್ರಾಗಿ ಹೋಗಿದ್ದ. ಸುಳ್ಳು ಔಷಧಿ ಸತ್ತಿತು, ಅದರ ಮೇಲೆ ನಿಂತ ಆಪಾದನೆ ಮಾತ್ರ ಸಾಯಲಿಲ್ಲ. ಬಾಟ್ಲಿಯಕ್ಕ ಈಗ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ. ಯಾವ ಆಂಟಿಬಯೋಟಿಕ್ಕಿಗೂ ಬಗ್ಗದ ರೋಗಿಗಳ ವಾರ್ಡಿನ ಗಂಟನ್ನು ಬೇರೆ ಕುದಿಸಬೇಕು. ಆ ಗಂಟು ದಿನದಿಂದ ದಿನಕ್ಕೆ ದಪ್ಪವಾಗುತ್ತಿದೆ ಎನ್ನುತ್ತಾಳೆ. ಅಳಿಯನ ಹಿಂದೆ ಅವರು ದಂಡ ಮಾಡಿದ ಕಾಲದಲ್ಲಿ ನಿಜವಾದ ಕೀಲಿಯೊಂದನ್ನು ಹುಡುಕಬಹುದಿತ್ತು.

ಚಿಕ್ಕ ಡಾಕ್ಟ್ರು ಅದೇ ಲ್ಯಾಬಿನಲ್ಲಿದ್ದಾಳೆ. ಕೆಟ್ಟವಳಲ್ಲ. ಅಪರೂಪಕ್ಕೆ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಾಳಂತೆ. ದೊಡ್ಡ ಡಾಕ್ಟ್ರಂಥವರು ಎಲ್ಲ ಕಟ್ಟಡದಲ್ಲೂ ಒಬ್ಬೊಬ್ಬರೇ ಇರುತ್ತಾರೆ. ಅವರ ಆಟ ನಡೆಯುವುದು ಕೆಟ್ಟವರಲ್ಲದ ಇಂಥವರ ಪೆನ್ನಿನಿಂದ.

ಆದ್ದರಿಂದ ಇದನ್ನು ಓದುತ್ತಿರುವ ನಿಮ್ಮನ್ನೇ ಕೇಳುವುದು. ನೀವು ಲ್ಯಾಬಿನಲ್ಲಿರಿ, ಬ್ಯಾಂಕಿನಲ್ಲಿರಿ, ಶಾಲೆಯಲ್ಲಿರಿ, ನಿಮಗಿಂತ ಕೆಳಗಿನವರ ಮೇಲೆ ತಪ್ಪು ಹೊರಿಸುವ ಕಾಗದ ನಿಮ್ಮ ಮೇಜಿಗೂ ಬರುತ್ತದೆ. ಪರೀಕ್ಷೆ ಮಾಡದೆ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದೀರಾ? ಆ ಕಾಗದ ಯಾವುದು, ಆ ಮನುಷ್ಯ ಯಾರು, ನಿಮಗೆ ಚೆನ್ನಾಗಿ ಗೊತ್ತು. ಕಣ್ಣೀರು ಬೇಡ, ಫೋನೂ ಬೇಡ. ನಾಳೆ ಬೆಳಗ್ಗೆ ಹೋಗಿ ನಿಮ್ಮ ಸಹಿ ವಾಪಸ್ ತಗೊಳ್ಳಿ.